ಹೆಣ್ಣು ಗರುಡ ಯಾವುದು?

ಪ್ರಶ್ನೆ: ನಿವೃತ್ತಿಯಾದ ಮೇಲೆ ದಿನಾ ಸಂಜೆ ಐದಕ್ಕೆ ಕೋಡಿಬಾಗದ ಕಡೆ ಕಾಳಿ ಹೊಳೆಯ ದಂಡೆಯಲ್ಲಿ ಅಡ್ಡಾಡುತ್ತೇನೆ. ಗರುಡಗಳ ಜೊತೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕಂದು ಹಕ್ಕಿಯೂ ಸುತ್ತುತ್ತಿರುತ್ತದೆ. ಅದು ಹೆಣ್ಣು ಗರುಡವೇ? ಇನ್ನೊಂದು, ಕೆಲವು ದಿನ ಕೆಸರಿನ ಮೇಲೆ ಬೆಳ್ಳಕ್ಕಿಗಳ ಸಂತೆಯೇ ನೆರೆದಿರುತ್ತದೆ. ಕೆಲವು ದಿನ ಒಂದೂ ಇಲ್ಲ. ಯಾಕೆ? ಬೈನಾಕ್ಯುಲರ್ ತಗೊಳ್ಳಲೇಬೇಕೇ?
— ಓದುಗರು, ಕಾರವಾರ

ಉತ್ತರ: ನಿಮ್ಮ ಮೊದಲ ಪ್ರಶ್ನೆ ಓದಿ ನಗು ಬಂತು. ನನ್ನ ಹಳೇ ನೋಟುಬುಕ್ಕಿನಲ್ಲಿ ಪುಟಗಟ್ಟಲೆ 'ಹೆಣ್ಣು ಗರುಡ, 2' ಎಂದೇ ಬರೆದಿದೆ! ಗರುಡದಲ್ಲಿ ಗಂಡು ಹೆಣ್ಣು ಎರಡೂ ಒಂದೇ ಥರ: ಬಿಳಿ ತಲೆ, ಬಿಳಿ ಎದೆ, ಉಳಿದ ಮೈ ಇಟ್ಟಿಗೆ ಕೆಂಪು. ನೀವು ಕಂಡದ್ದು ಒಂದೋ ಗರುಡದ ಮರಿ, ಇಲ್ಲವೇ ಊರಲ್ಲೆಲ್ಲ ಹಾರುವ ಮಾಮೂಲಿ ಹದ್ದು. ಮರಿಗೆ ಮೊದಲ ವರ್ಷ ಕಂದು ಬಣ್ಣವೇ.

ಬಣ್ಣ ಬಿಡಿ, ಬಾಲ ನೋಡಿ. ಗರುಡದ ಬಾಲದ ತುದಿ ದುಂಡಗೆ, ಮರಿಯದ್ದೂ ಹಾಗೇ. ಹದ್ದಿನ ಬಾಲಕ್ಕೆ ನಡುವೆ ಸಣ್ಣ ಕವಲು. ಆದರೆ ಹದ್ದು ಬಾಲವನ್ನು ಪೂರ್ತಿ ಬಿಚ್ಚಿದರೆ ಕವಲು ಕಾಣುವುದೇ ಇಲ್ಲ, ನಾನು ಮೋಸ ಹೋದದ್ದು ಅಲ್ಲೇ. ಹಾಗಾಗಿ ನಡಿಗೆ ನಿಲ್ಲಿಸಿ, ಅದು ಎರಡು ಮೂರು ಸುತ್ತು ಹೊಡೆಯುವ ತನಕ ನಿಂತು ನೋಡಿ. ಬಾಲ ಮಡಚಿದ ಗಳಿಗೆಯಲ್ಲಿ ಗೊತ್ತಾಗಿಬಿಡುತ್ತದೆ. ಮೀನು ಹೆಚ್ಚಿದ ಕಸ ಬಿದ್ದಲ್ಲಿ ಎರಡೂ ಒಟ್ಟಿಗೆ ಇಳಿಯುತ್ತವೆ, ಹೋಲಿಸಲು ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ನಮ್ಮ ಅಮ್ಮ ಬಿಳಿ ತಲೆಯ ಗರುಡ ಕಂಡರೆ ಮಾತ್ರ ಕೈಮುಗಿಯುತ್ತಿದ್ದಳು. 'ಅದರ ಮರಿಗೂ ಮುಗಿಯಮ್ಮ' ಅಂದರೆ 'ದೊಡ್ಡದಾಗಲಿ, ಆಮೇಲೆ ನೋಡೋಣ' ಅನ್ನುತ್ತಿದ್ದಳು.

ಬೆಳ್ಳಕ್ಕಿಗಳು ನಿಮ್ಮ ಗಡಿಯಾರ ನೋಡಿ ಬರುವುದಿಲ್ಲ, ಹೊಳೆ ನೋಡಿ ಬರುತ್ತವೆ. ಅಳಿವೆಯ ಹತ್ತಿರ ಸಮುದ್ರದ ಉಬ್ಬರ ಇಳಿತ ಹೊಳೆಯೊಳಗೂ ನಡೆಯುತ್ತದಲ್ವಾ? ನೀರಿಳಿದಾಗ ಕೆಸರು ತೆರೆದು ಸಿಗಡಿ, ಏಡಿ, ಹುಳ ಸಿಗುತ್ತವೆ. ನೀರೇರಿದರೆ ಊಟದ ಎಲೆ ಎತ್ತಿದ ಹಾಗೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಅದೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಇವತ್ತು ಸಂಜೆ ಐದಕ್ಕೆ ಕೆಸರು ಕಂಡ ಜಾಗದಲ್ಲಿ ಇನ್ನೊಂದು ವಾರಕ್ಕೆ ಅದೇ ಹೊತ್ತಿಗೆ ನೀರು ತುಂಬಿರುತ್ತದೆ. ದೋಣಿಯವರನ್ನು ಕೇಳಿ, ಬೆರಳಲ್ಲಿ ಎಣಿಸಿ ಹೇಳುತ್ತಾರೆ. ನೀರು ಇಳಿಯಲು ಶುರುವಾದ ಹೊತ್ತಿಗೆ ಹೋದರೆ ಇನ್ನೂ ಚೆನ್ನ. ಮಳೆಗಾಲ ಮುಗಿದ ಮೇಲಾದರೆ ಅಂಚಿನಲ್ಲಿ ಹಿಂಭಾಗ ಮೇಲೆ ಕೆಳಗೆ ಕುಣಿಸುತ್ತಾ ಓಡಾಡುವ ಪುಟ್ಟ ಗೊರವ ಹಕ್ಕಿಯನ್ನೂ ಹುಡುಕಿ. ಅದು ಹಿಮಾಲಯದ ಕಡೆಯಿಂದಲೋ ಇನ್ನೂ ಆಚೆಯಿಂದಲೋ ಚಳಿಗಾಲ ಕಳೆಯಲು ಬರುವ ನೆಂಟ.

ಬೈನಾಕ್ಯುಲರ್‌ಗೆ ಅವಸರ ಬೇಡ, ಒಂದು ತಿಂಗಳು ಬರಿಗಣ್ಣಲ್ಲೇ ನೋಡಿ. ಆಮೇಲೂ ಬೇಕೆನಿಸಿದರೆ 8x42 ಎಂದು ಬರೆದದ್ದು ಸಾಕು. ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 42 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಪಟ್ಟಿನದಾದರೆ ನಮ್ಮ ವಯಸ್ಸಿನ ಕೈ ನಡುಗಿ ಹಕ್ಕಿಯೂ ನಡುಗುತ್ತದೆ. ಸಂಜೆ ಸಮುದ್ರದ ಕಡೆ ಮುಖ ಮಾಡಿ ನಡೆಯಬೇಡಿ, ಹಕ್ಕಿಗಳೆಲ್ಲ ಬರೀ ಕಪ್ಪು ನೆರಳಾಗಿ ಕಾಣುತ್ತವೆ. ಬೈನಾಕ್ಯುಲರ್ ಅಂತೂ ಸೂರ್ಯನತ್ತ ತಿರುಗಿಸಲೇಬೇಡಿ, ಕಣ್ಣು ಹೋದೀತು. ಬಿಸಿಲು ಬೆನ್ನಿಗೆ ಬೀಳುವಂತೆ ಹೊಳೆಯ ಮೇಲ್ಗಡೆಗೆ ನಡೆಯಿರಿ.