ಮುಂಗಡ ಪಡೆದ ಆಳು ಬೇರೆ ತೋಟಕ್ಕೆ ಹೋದರೆ?

ಹೆಗ್ಗಡದೇವನಕೋಟೆಯ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಲು ಹೊರಟಿರುವ ತಾವು, ಮುಂಗಡ ಪಡೆದ ಆಳು ನಡುವೆಯೇ ಬೇರೆ ತೋಟಕ್ಕೆ ಹೋದರೆ ತಡೆಯುವ ಹಕ್ಕು ಮಾಲೀಕನಿಗೆ ಉಂಟೇ ಎಂದು ಕೇಳಿದ್ದೀರಿ. ಇಲ್ಲ. ಕಾರಣ ತಿಳಿಯಬೇಕಾದರೆ ನಮ್ಮ ಸೀಮೆಯ ಕೂಲಿಯ ರೀತಿಯನ್ನು ತಾವು ಅರಿಯಬೇಕು.

ನಮ್ಮ ತಾಲ್ಲೂಕು ಬಾವಲಿ ಎಂಬ ಗಡಿಯೂರಿನಲ್ಲಿ ಕೇರಳದ ವಯನಾಡಿಗೆ ತಾಗುತ್ತದೆ. ನಾಗರಹೊಳೆಯ ಕಾಡು ದಾಟಿದರೆ ಕೊಡಗು. ಕೇರಳದ ಬೇಸಾಯಗಾರರು ಇಲ್ಲಿಗೆ ಬಂದು ಶುಂಠಿ ಬೆಳೆಯುತ್ತಾರೆ, ಇಲ್ಲಿನ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಜೇನುಕುರುಬರು, ಯರವರು ಕಾಫಿ ಕೊಯ್ಲಿಗೆ ಅತ್ತ ಹೋಗಿ ತೋಟದ ಆಳುಗಳ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ಎರಡೂ ಕಡೆ ಮಾಲೀಕನಿಗೂ ಆಳಿಗೂ ನಡುವೆ ನಿಲ್ಲುವವನು ಆಳುಗಳನ್ನು ಒದಗಿಸುವ ಮೇಸ್ತ್ರಿ. ಮದುವೆಗೋ, ಆಸ್ಪತ್ರೆಗೋ, ಕೂಲಿ ಸಿಗದ ದಿನಗಳ ಅಕ್ಕಿಗೋ ಹಾಡಿಯಲ್ಲಿ ಮುಂಗಡ ಹಂಚುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ.

ನನ್ನ ಹೊಲದಲ್ಲಿ ಶುಂಠಿ ಕೀಳುತ್ತಿದ್ದಾಗ ಒಮ್ಮೆ ಹಾಡಿಯ ಹಿರಿಯ ಹೆಂಗಸೊಬ್ಬರನ್ನು, "ಅಕ್ಕಾ, ನಿಮ್ಮ ಬಾಕಿ ಎಷ್ಟು ಉಳಿದಿದೆ?" ಎಂದು ಕೇಳಿದೆ. "ನಂಗೇನು ಗೊತ್ತು ಸ್ವಾಮಿ, ಮೇಸ್ತ್ರಿ ಪುಸ್ತಕದಲ್ಲದೆ" ಎಂದರು. ಪುಸ್ತಕ ತರಿಸಿ ನೋಡಿದರೆ ಅವರ ಹೆಸರಿನ ಮುಂದಿದ್ದ ಮೊತ್ತವನ್ನು ಬೇರೆ ಶಾಯಿಯಲ್ಲಿ ತಿದ್ದಿತ್ತು. 11 ದಿನಗಳ ಹಾಜರಿಯೇ ಇರಲಿಲ್ಲ. ಆ 11 ದಿನ ಅವರು ಕಿತ್ತ ಶುಂಠಿ 60 ಕಿಲೋ ಚೀಲಗಳಲ್ಲಿ ನನ್ನ ಅಂಗಳದಲ್ಲೇ ಪೇರಿಸಿತ್ತು. ಮೇಸ್ತ್ರಿಗೆ ಹಣ ಕೊಟ್ಟಾಗಿದೆಯೆಂದು ನಿಶ್ಚಿಂತನಾಗಿದ್ದ ನನ್ನದೂ ಅದರಲ್ಲಿ ತಪ್ಪಿತ್ತು. ಆ ಕೂಲಿಯನ್ನು ಅಂದೇ ಅವರ ಕೈಗೆ ಕೊಟ್ಟೆ.

ಕೊಟ್ಟ ಸಾಲದ ಕಾರಣಕ್ಕೆ ಒಬ್ಬರನ್ನು ಬೇರೆಡೆ ದುಡಿಯದಂತೆ ಕಟ್ಟಿಹಾಕಿದರೆ ಕಾನೂನಿನ ಕಣ್ಣಿನಲ್ಲಿ ಅದು ಜೀತ. ಪಕ್ಕದ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1976ರಲ್ಲಿ ಬಂದ ಕೇಂದ್ರದ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲವೇ ಅಳಿದುಹೋಗುತ್ತದೆ, ಜೀತ ಮಾಡಿಸಿದವರಿಗೆ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು, ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆಯೂ ಸಾಲ ಕೊಟ್ಟವರದೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಹಗ್ಗ, ಬೀಗ ಇದ್ದರೆ ಮಾತ್ರ ಜೀತವೆಂದು ಭಾವಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ, ಅದು ನನ್ನನ್ನು ಬಹಳ ನೋಯಿಸುತ್ತದೆ.

ಆದ್ದರಿಂದ ಮುಂಗಡ ಕೊಡುವುದಾದರೆ ಸಣ್ಣ ಮೊತ್ತವನ್ನು ಆಳಿನ ಕೈಗೇ ಕೊಡಿ. ಹಾಜರಿಯನ್ನು ತಾವೇ ಬರೆದು ಪ್ರತಿ ಸಂಜೆ ಓದಿ ಹೇಳಿ, ವಾರದ ಬಟವಾಡೆಯನ್ನು ಮೇಸ್ತ್ರಿಗೆ ಬಿಡಬೇಡಿ. ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ನಮ್ಮಲ್ಲಿ ರೂಢಿಯಾಗಿದ್ದರೂ ಒಂದೇ ಕೆಲಸಕ್ಕೆ ಅದು ಕಾನೂನುಬಾಹಿರ. ಹೆಂಗಸರ ಕೂಲಿಯನ್ನು ಅವರ ಗಂಡಂದಿರ ಕೈಗೆ ಕೊಡುವ ಅಭ್ಯಾಸವೂ ಬೇಡ. ಯಾರಾದರೂ ನಡುವೆಯೇ ಹೊರಟರೆ ಅಂದಿನವರೆಗಿನ ಲೆಕ್ಕವನ್ನು ಅವರ ಎದುರಿಗೇ ಕೂಡಿ, ದುಡಿದ ದಿನಗಳ ಕೂಲಿ ಕೊಟ್ಟು ಕಳುಹಿಸಿ.