ಸವೆಯದ ಹಳೆಯ ಟೈರುಗಳನ್ನು ಬದಲಾಯಿಸಬೇಕೇ?

ನಮಸ್ಕಾರ. ಏಳು ವರ್ಷದ ಕಾರು ಹೆಚ್ಚು ಓಡಿಲ್ಲ, ಟೈರುಗಳ ಟ್ರೆಡ್ (ರಸ್ತೆಗೆ ತಾಗುವ ಭಾಗದ ಗೀರು) ಇನ್ನೂ ಆಳವಾಗಿದೆ, ಆದರೂ ಮಕ್ಕಳೊಂದಿಗೆ ದೂರದ ಪ್ರಯಾಣಕ್ಕೆ ಮುನ್ನ ಅವನ್ನು ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ಬದಲಾಯಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಗಾಡಿ ನಿಂತಲ್ಲೇ ನಿಂತಿದ್ದರೂ ಬಿಸಿಲು, ಶಾಖ ಮತ್ತು ಗಾಳಿಯಲ್ಲಿನ ಆಮ್ಲಜನಕದಿಂದ ರಬ್ಬರು ಗಡುಸಾಗುತ್ತಾ ಹೋಗುವುದರಿಂದ, ಟ್ರೆಡ್ ಹಲವು ದೇಶಗಳ ಕನಿಷ್ಠ ಮಿತಿಯಾದ 1.6 ಮಿಲಿಮೀಟರಿಗಿಂತ ಎಷ್ಟೇ ಹೆಚ್ಚಿದ್ದರೂ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ.

ಮೊದಲು ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನು ಹುಡುಕಿ. 2318 ಎಂದಿದ್ದರೆ ಅದು 2018ರ 23ನೆಯ ವಾರದಲ್ಲಿ ತಯಾರಾದದ್ದು. ಹೊರಬದಿಯಲ್ಲಿ ಕಾಣದಿದ್ದರೆ ಟಾರ್ಚ್ ಹಿಡಿದು ಒಳಬದಿಯನ್ನೂ ನೋಡಿ. ನನ್ನ ಕಾರಿನ ಟೈರುಗಳೂ ಮೇಲ್ನೋಟಕ್ಕೆ ಹೊಸದರಂತೆಯೇ ಇದ್ದವು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಚಕ್ರವನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿದಾಗಲೇ ರಿಮ್ಮಿನ ಅಂಚಿನುದ್ದಕ್ಕೂ ಕೂದಲೆಳೆಯಂತಹ ಬಿರುಕುಗಳು ಕಂಡವು. ಅಂತಹ ಬಿರುಕಾಗಲಿ, ಪಕ್ಕದಲ್ಲಿ ಉಬ್ಬಾಗಲಿ ಕಂಡರೆ ಒಂದು ದಿನವೂ ತಡಮಾಡಬೇಡಿ. ಸ್ಟೆಪ್ನಿಗೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಹೊಸ ಟೈರು ಕೊಳ್ಳುವಾಗಲೂ ಇದೇ ಅಂಕಿಗಳನ್ನು ಓದಿ, ಅಂಗಡಿಯಲ್ಲೇ ವರ್ಷಗಟ್ಟಲೆ ಕುಳಿತ ಸರಕಾದರೆ ಬೇರೆಯದನ್ನು ಕೇಳಿ.