ಪೈಪ್ ಹಿಡಿದರೆ ಎದೆ ಉಳಿಯುತ್ತಾ?

ಪ್ರಶ್ನೆ: ನನಗೆ 61 ವರ್ಷ. ಸರಕು ಹಡಗಿನಲ್ಲಿ ದುಡಿದು ಈಗ ಕಾರವಾರದ ಮನೆಯಲ್ಲಿದ್ದೇನೆ. ಮೊದಲು ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಬೇಕಿತ್ತು. ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ಪೈಪ್ ಹಿಡಿದೆ, ದಿನಕ್ಕೆ ಮೂರು ಸಲ. ಪೈಪಿನ ಹೊಗೆ ಎದೆಗೆ ಇಳಿಯುವುದಿಲ್ಲ, ಕಾಗದವೂ ಸುಡುವುದಿಲ್ಲ, ಏನೂ ಆಗದು ಅಂತ ಹಡಗಿನ ಗೆಳೆಯರು ಹೇಳುತ್ತಿದ್ದರು. ಮಗಳು ಒಪ್ಪುವುದಿಲ್ಲ. ಯಾರ ಮಾತು ಸರಿ?

ಉತ್ತರ: ಮಗಳದ್ದು. ಆದರೆ ನಿಮ್ಮ ಗೆಳೆಯರು ಪೂರ್ತಿ ಸುಳ್ಳು ಹೇಳಿಲ್ಲ. 1964ರಲ್ಲಿ ಅಮೆರಿಕ ಸರ್ಕಾರದ ಪ್ರಸಿದ್ಧ ವರದಿ ಸಿಗರೇಟನ್ನು ಹಿಡಿದು ಝಾಡಿಸಿತ್ತು, ಪೈಪಿನವರನ್ನು ಮಾತ್ರ ಹೆಚ್ಚುಕಮ್ಮಿ ಬಿಟ್ಟುಬಿಟ್ಟಿತ್ತು, ತುಟಿಯ ಕ್ಯಾನ್ಸರ್ ಬಗ್ಗೆ ಒಂದು ಮಾತು ಹೇಳಿದ್ದು ಬಿಟ್ಟರೆ. ಆ ನಂಬಿಕೆ ಇನ್ನೂ ಓಡಾಡುತ್ತಿದೆ. ಆಮೇಲೆ ಅಲ್ಲಿಯದೇ ಇನ್ನೊಂದು ದೊಡ್ಡ ಅಧ್ಯಯನ ಗಂಡಸರನ್ನು 1982ರಿಂದ 18 ವರ್ಷ ಹಿಂಬಾಲಿಸಿತು. ಯಾವತ್ತೂ ಸಿಗರೇಟ್ ಮುಟ್ಟದೆ ಬರೀ ಪೈಪ್ ಸೇದಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಏನೂ ಸೇದದವರಿಗಿಂತ ಸುಮಾರು 5 ಪಟ್ಟು ಇತ್ತು, ಧ್ವನಿಪೆಟ್ಟಿಗೆಯದ್ದು 13 ಪಟ್ಟು. ಸಿಗರೇಟಿನವರಿಗಿಂತ ಕಮ್ಮಿ, ನಿಜ. ಆದರೆ ಇದನ್ನು ಕಮ್ಮಿ ಅಂತ ಹೇಳೋಕೆ ಬಾಯಿ ಬರುವುದಿಲ್ಲ, ಅಲ್ವಾ?

ಈಗ ನಿಮ್ಮ ವಿಷಯ. ಪೈಪಿನ ತಂಬಾಕಿನ ಹೊಗೆ ಸಾಮಾನ್ಯವಾಗಿ ಸ್ವಲ್ಪ ಕ್ಷಾರದ್ದು, ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಹೋಗುತ್ತದೆ. ಸಿಗರೇಟಿನ ಹೊಗೆ ಆಮ್ಲದ್ದು, ಎದೆಗೆ ಎಳೆದರೇನೇ ಅಮಲು. ಹಾಗಾಗಿ ಮೊದಲಿಂದ ಬರೀ ಪೈಪ್ ಸೇದಿದವರು ಹೊಗೆಯನ್ನು ಬಾಯಲ್ಲೇ ಆಡಿಸಿ ಬಿಡುತ್ತಾರೆ. ನೀವು ಹಾಗಲ್ಲ. ಇಷ್ಟು ವರ್ಷ ಎಳೆದು ಎಳೆದು ನಿಮ್ಮ ಎದೆಗೆ ಅದೇ ಅಭ್ಯಾಸ ಆಗಿದೆ, ಕೈಯಲ್ಲಿ ಸಿಗರೇಟ್ ಹೋಗಿ ಪೈಪ್ ಬಂದ ಮಾತ್ರಕ್ಕೆ ಅದು ಮರೆಯುವುದಿಲ್ಲ. ಸಿಗರೇಟಿನಿಂದ ಪೈಪಿಗೆ ಬಂದವರು ಗೊತ್ತಿಲ್ಲದೇ ಎಳೆಯುವುದೇ ಜಾಸ್ತಿ. ಮೇಲಾಗಿ ಒಂದು ಸಲ ಪೈಪ್ ತುಂಬಿದರೆ ಎರಡು-ಮೂರು ಗ್ರಾಂ ತಂಬಾಕು, ಒಂದು ಸಿಗರೇಟಿನಲ್ಲಿ ಒಂದು ಗ್ರಾಂ ಕೂಡ ಇರುವುದಿಲ್ಲ. ಕಾಗದದ ಮಾತು ಬಿಡಿ, ಟಾರ್ ಬರುವುದು, ಕಾರ್ಬನ್ ಮೊನಾಕ್ಸೈಡ್ ಬರುವುದು ಎಲೆ ಸುಟ್ಟಾಗ.

ಕಾರವಾರದ ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಳಗೇ ಕೂತು ಸೇದುವುದಿದ್ದರೆ ಮನೆಯವರಿಗೂ ಪಾಲು ಕೊಟ್ಟಂತೆ. ವೆನಿಲ್ಲಾ ಪರಿಮಳ ಬಂದರೂ ಹೊಗೆ ಹೊಗೆಯೇ.

ಕನ್ನಡಿ ಮುಂದೆ ನಿಂತು ಬಾಯಿ ನೋಡಿಕೊಳ್ಳಿ. ಪೈಪ್ ಕಚ್ಚುವ ಜಾಗದ ತುಟಿ, ನಾಲಿಗೆಯ ಅಂಚು, ಕೆನ್ನೆಯ ಒಳಭಾಗ. ಬಿಳಿ ಅಥವಾ ಕೆಂಪು ಕಲೆ ಕಂಡರೆ, ಹುಣ್ಣಾಗಿ ಮೂರು ವಾರದಲ್ಲಿ ಮಾಯದಿದ್ದರೆ, ದನಿ ಗೊಗ್ಗರಾಗಿ ಹಾಗೇ ಉಳಿದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಕರೆ ಮಾಡಿ, ದುಡ್ಡಿಲ್ಲ. ಸಿಗರೇಟನ್ನೇ ಬಿಟ್ಟವರು ನೀವು, ಅರ್ಧ ದಾರಿ ಬಂದಿದ್ದೀರಿ. ಆದರೆ ಪೈಪ್ ಬಿಟ್ಟು ಮತ್ತೆ ಸಿಗರೇಟಿಗೆ ಮಾತ್ರ ಹೋಗಬೇಡಿ.

ಪ್ರಶ್ನೆ: ಬೀಡಿ ಬಿಟ್ಟೆ. ಈಗ ಹೊಗೆಸೊಪ್ಪು ಇಲ್ಲದ ಕವಳ (ಎಲೆ-ಅಡಿಕೆ) ಮಾತ್ರ. ಇದಕ್ಕಾದರೂ ಅಡ್ಡಿ ಇಲ್ಲ ತಾನೇ? (ಶಿರಸಿ)

ಉತ್ತರ: ಬೀಡಿ ಬಿಟ್ಟಿದ್ದು ಒಳ್ಳೆಯದಾಯಿತು. ಕವಳದ್ದು ಅಡಿಕೆ ತೋಟದ ಊರಲ್ಲಿ ಕೂತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ದಿನಕ್ಕೆ ಎಷ್ಟು ಕವಳ ಅಂತ ನೀವು ಬರೆದಿಲ್ಲ. ಅಡಿಕೆಯಿಂದ ಬಾಯಿ ಬಿಗಿದುಕೊಂಡಿದೆಯಾ ಅಂತ ತಿಳಿಯಲು, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಬಾಯೊಳಗೆ ಹೋಗುತ್ತವಾ, ನೋಡಿ. ಹೋಗದಿದ್ದರೆ ಮುಂದಿನ ಕವಳಕ್ಕೂ ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ.